ಗಂಟೆ ಅಡಗಿಸುವ ವಿನಯ

ಬಾಗಿಲಿಗೆ ಬಂದವರಿಗೆ ‘ಅಪ್ಪ ಮನೆಯಲ್ಲಿಲ್ಲ’ ಎಂದು ಮಕ್ಕಳ ಬಾಯಲ್ಲಿ ಹೇಳಿಸಿ, ಒಳಕೋಣೆಯಲ್ಲಿ ಉಸಿರು ಬಿಗಿಹಿಡಿದು ಕೂರುವುದು ಬಹು ಹಳೆಯ ವಿದ್ಯೆ. ಅದು ತನ್ನದೆಂದು ಯಾರೂ ಹಕ್ಕು ಸಾಧಿಸಿದಂತಿಲ್ಲ. ಫೋನಿನ ಕಾಲಕ್ಕೆ ಮಾತ್ರ ಈ ವಿದ್ಯೆಗೂ ಒಡೆಯರು ಹುಟ್ಟಿಕೊಂಡರು. ಅವರ ವ್ಯಾಜ್ಯದ ಸಂಗತಿಯನ್ನು ಓದಿದಾಗ ನನಗೆ ಮೊದಲು ನಗು ಬಂದಿತು. ಆಮೇಲೆ ಯೋಚನೆ ಹತ್ತಿತು.

ಮೂಲ ಕಲ್ಪನೆ ಸೋನಿ ಕಂಪನಿಯದು. ಕರೆ ಬಂದು ಗಂಟೆ ಬಾರಿಸುತ್ತಿರುವಾಗ ಗುಂಡಿಯೊಂದನ್ನು ಒತ್ತಿದರೆ ಸದ್ದು ಅಡಗಬೇಕು. ಅಡಗುವುದು ಆ ಒಂದು ಕರೆಗೆ ಮಾತ್ರ. ಮುಂದಿನ ಕರೆಗೆ ಗಂಟೆ ಯಥಾಪ್ರಕಾರ ಬಾರಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಆಚೆ ತುದಿಯವರಿಗೆ ಇದರ ಸುಳಿವೂ ಸಿಗಬಾರದು. ಅವರ ಕಿವಿಯಲ್ಲಿ ಗಂಟೆ ಬಾರಿಸುತ್ತಲೇ ಇರಬೇಕು. ಎಂಥ ವಿನಯ ನೋಡಿ!

ಈ ಪೇಟೆಂಟು ಮುಂದೆ ಮೊಬೈಲ್‌ಮೀಡಿಯಾ ಐಡಿಯಾಸ್ ಎಂಬ ಸಂಸ್ಥೆಯ ಕೈಸೇರಿತು. ಫೋನು ತಯಾರಿಸುವ ಸಂಸ್ಥೆಯಲ್ಲ ಅದು. ಪೇಟೆಂಟುಗಳೇ ಅದರ ಬಂಡವಾಳ. 2010ರಲ್ಲಿ ಅದು ಅಮೆರಿಕದ ಡೆಲವೇರ್‌ನಲ್ಲಿ ಆಪಲ್ ಕಂಪನಿಯ ಮೇಲೆ ದಾವೆ ಹೂಡಿತು. ಐಫೋನಿನ ಗುಂಡಿ ಮಾಡುತ್ತಿದ್ದುದು ಇದೇ ಕೆಲಸವೆಂಬುದು ಅದರ ಆರೋಪಗಳಲ್ಲೊಂದು. 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಈ ಅಂಶವನ್ನು ಮತ್ತೆ ಕೆಳಗಿನ ನ್ಯಾಯಾಲಯಕ್ಕೆ ಕಳಿಸಿತು. 2016ರ ಸೆಪ್ಟೆಂಬರಿನಲ್ಲಿ ಜ್ಯೂರಿಯವರು ಆಪಲ್ 30 ಲಕ್ಷ ಡಾಲರ್ ತೆರಬೇಕೆಂದರು.

ಇಷ್ಟು ಬೆಲೆ ಬಾಳುವ ವಿನಯವನ್ನು ನನ್ನ ಅಕ್ಕ ಮಾತ್ರ ಒಪ್ಪಲೊಲ್ಲಳು. ಎಪ್ಪತ್ತು ದಾಟಿದ ಅವಳು ಊರಿನಲ್ಲಿ ಒಬ್ಬಳೇ ಇದ್ದಾಳೆ. ಯಾವುದೋ ಸಭೆಯಲ್ಲಿ ಕುಳಿತು ನಾನು ಅವಳ ಕರೆಯ ಸದ್ದನ್ನಷ್ಟೇ ಅಡಗಿಸಿದ್ದೆ. ಸಂಜೆ ಫೋನು ಮಾಡಿದರೆ ಅವಳೆಂದಳು: “ಕಟ್ ಮಾಡಿಬಿಡೋ ಮಾರಾಯ, ನನಗೇನೂ ಬೇಜಾರಿಲ್ಲ. ಕಟ್ ಮಾಡಿದರೆ, ಸರಿ, ಇದ್ದಾನೆ, ಕೆಲಸದಲ್ಲಿದ್ದಾನೆ ಅಂತ ಗೊತ್ತಾಗುತ್ತೆ. ಸುಮ್ಮನೆ ಬಡಕೊಳ್ಳುತ್ತಲೇ ಇದ್ದರೆ ಏನಾಯಿತೋ ಅಂತ ಎದೆ ಹೊಡೆದುಕೊಳ್ಳುತ್ತೆ.”

ಸೋನಿಯವರ ಯೋಚನೆಯಲ್ಲಿ ತಪ್ಪಿಲ್ಲ. ಕರೆಯನ್ನು ತುಂಡರಿಸಿದರೆ ನೊಂದುಕೊಳ್ಳುವ ಸಂಬಂಧಗಳೂ ಲೋಕದಲ್ಲಿ ಬೇಕಾದಷ್ಟಿವೆ. ಸಾಲ ಕೇಳುವ ಮಿತ್ರರಿಗೆ, ಭಾಷಣಕ್ಕೆ ಕರೆಯುವ ಮಹನೀಯರಿಗೆ ಅವರ ಉಪಾಯವೇ ಯೋಗ್ಯ. ಆದರೆ ನಾವು ಬದುಕಿದ್ದೇವೆಂಬುದನ್ನೇ ತಿಳಿಯಲು ಕರೆಮಾಡುವವರೂ ಒಬ್ಬಿಬ್ಬರಾದರೂ ಇರುತ್ತಾರಲ್ಲ?

ನನ್ನ ಫೋನಿನಲ್ಲಿ ಆ ಗುಂಡಿಯನ್ನು ಒಮ್ಮೆ ಒತ್ತಿದರೆ ಸದ್ದು ಅಡಗುತ್ತದೆ, ಎರಡು ಸಲ ಒತ್ತಿದರೆ ಕರೆಯೇ ಕಡಿಯುತ್ತದೆ. ಅಕ್ಕನ ಹೆಸರು ಕಂಡರೆ ಈಗ ನಾನು ಎರಡು ಸಲ ಒತ್ತುತ್ತೇನೆ.