ಮಣ್ಣೆಯಲ್ಲಿ ನಿಂತು ಬೀಜಗಣಿತ ನೆನೆದರೆ

ತುಮಕೂರು ಹೆದ್ದಾರಿಯಲ್ಲಿ ನೆಲಮಂಗಲ ದಾಟಿ ತ್ಯಾಮಗೊಂಡ್ಲು ಕಡೆಗೆ ಹೊರಳಿದರೆ ಲಾರಿಗಳ ಆರ್ಭಟ ಹಿಂದೆ ಉಳಿಯುತ್ತದೆ. ರಾಗಿ ಹೊಲ, ತೆಂಗಿನ ಸಾಲುಗಳ ನಡುವಿನ ಮಣ್ಣೆ ಮೇಲ್ನೋಟಕ್ಕೆ ಇತರ ಹಳ್ಳಿಗಳಂತೆಯೇ ಕಾಣುತ್ತದೆ. ಆದರೆ ಪಾಳುಬಿದ್ದ ಕಪಿಲೇಶ್ವರ ಗುಡಿಯ ಬಾಗಿಲುವಾಡದ ಕೆತ್ತನೆ ಬೇರೆಯೇ ಕಥೆ ಹೇಳುತ್ತದೆ. ಎಂಟನೇ ಶತಮಾನದಲ್ಲಿ ಗಂಗರ ಶ್ರೀಪುರುಷ ರಾಜಧಾನಿ ಮಾಡಿಕೊಂಡ ಮಾನ್ಯಪುರವೇ ಇದು.

ಇಲ್ಲಿ ದೊರೆತ ತಾಮ್ರಶಾಸನಗಳು ಶ್ರೀವಿಜಯನೆಂಬ ಸೇನಾನಿ ಕಟ್ಟಿಸಿದ ಜೈನ ಬಸದಿಗೆ ಕೊಟ್ಟ ದತ್ತಿಯನ್ನು ದಾಖಲಿಸುತ್ತವೆ. ಕ್ರಿ.ಶ. 797ರದ್ದು ಗಂಗರದು, 802ರದ್ದು ರಾಷ್ಟ್ರಕೂಟರದು. ಐದೇ ವರ್ಷಗಳಲ್ಲಿ ಒಡೆಯರು ಬದಲಾದರು, ಬಸದಿಯ ದತ್ತಿ ಮಾತ್ರ ನಿಲ್ಲಲಿಲ್ಲ. ಮುಂದೆ 814ರಲ್ಲಿ ಪಟ್ಟಕ್ಕೆ ಬಂದ ಅಮೋಘವರ್ಷ ನೃಪತುಂಗ, ಮಗಳು ಚಂದ್ರೋಬಲಬ್ಬೆಯನ್ನು ಗಂಗರ ಬೂತುಗನಿಗೆ ಕೊಟ್ಟು ಹಳೆಯ ಹಗೆಯನ್ನು ನೆಂಟಸ್ತಿಕೆಯಾಗಿ ಮಾರ್ಪಡಿಸಿದ.

ಈ ಅಮೋಘವರ್ಷನನ್ನು ಹೊಗಳಿಯೇ ತನ್ನ ಗ್ರಂಥವನ್ನು ಆರಂಭಿಸಿದವನು ಜೈನ ಗಣಿತಜ್ಞ ಮಹಾವೀರಾಚಾರ್ಯ. ಸುಮಾರು 850ರ ಆತನ ‘ಗಣಿತಸಾರಸಂಗ್ರಹ’ ಸಂಸ್ಕೃತದಲ್ಲಿದ್ದು, ಸಾವಿರದ ನೂರಕ್ಕೂ ಹೆಚ್ಚು ಪದ್ಯಗಳಿವೆ. ಅಡುಗೆ, ವೈದ್ಯ, ಸಂಗೀತ, ಕಟ್ಟಡ, ಯಾವುದಕ್ಕೂ ಲೆಕ್ಕ ಬೇಕೆಂದು ಆತ ಮೊದಲೇ ಹೇಳಿಬಿಡುತ್ತಾನೆ. ಋಣಸಂಖ್ಯೆ ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ನುಡಿದವನೂ ಇವನೇ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದು ಎಡವಿದ್ದೂ ಉಂಟು.

ಸರಿಸುಮಾರು ಇದೇ ಹೊತ್ತಿಗೆ, 820ರ ಆಸುಪಾಸಿನಲ್ಲಿ, ಬಾಗ್ದಾದಿನಲ್ಲಿ ಅಲ್ ಖ್ವಾರಿಜ್ಮಿ ಸಮೀಕರಣಗಳ ಪುಸ್ತಕ ಬರೆದ. ಅದರ ಹೆಸರಿನಲ್ಲಿದ್ದ ‘ಅಲ್ ಜಬರ್’ ಎಂಬ ಪದವೇ ಯೂರೋಪಿನಲ್ಲಿ ‘ಆಲ್ಜೀಬ್ರಾ’ ಆಯಿತು. ಅರಬ್ಬರಿಗೆ ರಾಷ್ಟ್ರಕೂಟರು ಅಪರಿಚಿತರಲ್ಲ. 851ರ ಅರಬ್ಬೀ ಬರಹವೊಂದು ‘ಬಲ್ಹರಾ’ನನ್ನು ಲೋಕದ ನಾಲ್ಕು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿತು.

ಆದರೆ ಬೀಜಗಣಿತ ಒಂದೇ ಊರಿನ ಸೊತ್ತಲ್ಲ. ಕ್ರಿ.ಪೂ. 1800ರ ಸುಮಾರಿಗೇ ಬ್ಯಾಬಿಲೋನಿಯದವರು ಜೇಡಿಮಣ್ಣಿನ ಹಲಗೆಗಳ ಮೇಲೆ ವರ್ಗಸಮೀಕರಣ ಬಿಡಿಸಿದ್ದರು. ಅಲೆಕ್ಸಾಂಡ್ರಿಯಾದ ಡಯೋಫಾಂಟಸ್ ಅಜ್ಞಾತಕ್ಕೆ ಒಂದು ಸಂಕೇತ ಕೊಟ್ಟ. 628ರಲ್ಲಿ ಬ್ರಹ್ಮಗುಪ್ತ ಸೊನ್ನೆಗೂ ಋಣಕ್ಕೂ ನಿಯಮ ಕಟ್ಟಿದ. ನಮ್ಮ ಗಣಿತಜ್ಞರು ಅಜ್ಞಾತಗಳನ್ನು ‘ಕಾಲಕ’, ‘ನೀಲಕ’, ‘ಪೀತಕ’ ಎಂದು ಬಣ್ಣಗಳ ಹೆಸರಿನಿಂದ ಕರೆದರು. ಅಕ್ಷರಗಳನ್ನು ವ್ಯವಸ್ಥಿತವಾಗಿ ಬಳಸಿದ್ದು ಫ್ರಾನ್ಸಿನ ವಿಯೆಟ್, 1591ರಲ್ಲಿ. ‘ಎಕ್ಸ್’ ರೂಢಿಗೆ ಬಂದದ್ದು 1637ರ ಡೆಕಾರ್ಟನ ಪುಸ್ತಕದಿಂದ.

ಹಳೆಯ ರೀತಿಯ ಲೆಕ್ಕವೊಂದನ್ನು ನೋಡೋಣ. ರೈತನೊಬ್ಬ ತನ್ನ ಚಕ್ಕೋತ ಹಣ್ಣುಗಳಲ್ಲಿ ಮೂರರಲ್ಲೊಂದು ಪಾಲನ್ನು ದೇವನಹಳ್ಳಿಯಲ್ಲಿ, ನಾಲ್ಕರಲ್ಲೊಂದನ್ನು ದೊಡ್ಡಬಳ್ಳಾಪುರದಲ್ಲಿ ಮಾರಿದ. ಉಳಿದದ್ದು 25. ಒಟ್ಟು ಎಷ್ಟು? ಮನಸ್ಸಿಗೆ ಬಂದಂತೆ 12 ಎಂದು ಹಿಡಿಯಿರಿ. 4 ಮತ್ತು 3 ಹೋದರೆ ಉಳಿಯುವುದು 5. ಬೇಕಾದದ್ದು ಅದರ ಐದು ಪಟ್ಟು. ಆದ್ದರಿಂದ 12ರ ಐದು ಪಟ್ಟು, ಅಂದರೆ 60. ‘ಎಕ್ಸ್’ ಇಲ್ಲದೆಯೇ ಉತ್ತರ ಸಿಕ್ಕಿತು!

ಮಹಾವೀರನ ಗ್ರಂಥ ಉಳಿದದ್ದು ತಾಳೆಗರಿಗಳಲ್ಲಿ. ಅದಕ್ಕೆ ಕನ್ನಡದ ಟೀಕೆಯೂ ಹುಟ್ಟಿತ್ತು. ಹನ್ನೆರಡನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಗಣಿತಸಾರಸಂಗ್ರಹವನ್ನು ಮದರಾಸಿನಲ್ಲಿ ಅಚ್ಚುಹಾಕಿಸಿದ ಮೇಲೆಯೇ ಹೊರಜಗತ್ತಿಗೆ ಇದರ ಪರಿಚಯವಾದದ್ದು.

ಮಾತು ಹೆಮ್ಮೆಯದಲ್ಲ, ಉಳಿವಿನದು. ಓಲೆಯನ್ನು ಯಾರೋ ನಕಲು ಮಾಡಿದ್ದರಿಂದ ಲೆಕ್ಕ ಉಳಿಯಿತು. ತಾಮ್ರದ ಮೇಲೆ ಕೊರೆದಿದ್ದರಿಂದ ಬಸದಿಯ ಹೆಸರು ಉಳಿಯಿತು. ಕಲ್ಲಿಗೆ ಅಂಥ ನಕಲಿಲ್ಲ. ಹೆದ್ದಾರಿಯ ಕಡೆಯಿಂದ ಕಾರ್ಖಾನೆಗಳು ಹಬ್ಬುತ್ತಿರುವ ಈ ಸೀಮೆಯಲ್ಲಿ ಮಣ್ಣೆಯ ಗುಡಿಗಳ ಒಂದೊಂದು ಕಂಬವೂ ಒಂದೇ ಪ್ರತಿಯ ಪುಸ್ತಕ. ಶಾಲಾ ಮಕ್ಕಳನ್ನು ಒಮ್ಮೆ ಇಲ್ಲಿಗೆ ಕರೆತಂದು, ಬಾಗಿಲುವಾಡದ ನೆರಳಲ್ಲಿ ಕೂರಿಸಿ, ಚಕ್ಕೋತದ ಲೆಕ್ಕ ಕೇಳಿದರೆ ಚರಿತ್ರೆ, ಗಣಿತ ಎರಡೂ ಒಟ್ಟಿಗೆ ಮನಸ್ಸಿಗಿಳಿದಾವು.