ಮೈ ತಿರುಚುವ ಗಾಡಿಗಳು

ಕಬ್ಬು ಕಡಿಯುವ ಕಾಲದಲ್ಲಿ ಪಾಂಡವಪುರದ ನಾಲೆ ಬಯಲಿನಲ್ಲಿ ನೋಡತಕ್ಕದ್ದು ಒಂದೇ: ತುಂಬಿದ ಗಾಡಿ ಗದ್ದೆ ಬಿಟ್ಟು ರಸ್ತೆಗೆ ಏರುವ ಜಾಗ. ಅಲ್ಲಿ ಬದು ಗಾಡಿಗೆ ನೇರವಾಗಿ ಎದುರಾಗುವುದು ಅಪರೂಪ, ಓರೆಯಾಗಿಯೇ ಹತ್ತಬೇಕು. ಮುಂದಿನ ಎಡಚಕ್ರ ಬದುವಿನ ಮೇಲೇರಿರುತ್ತದೆ, ಬಲಚಕ್ರ ಇನ್ನೂ ಕೆಸರಿನಲ್ಲೇ ಇರುತ್ತದೆ, ಹಿಂದಿನ ಎರಡರ ಕಥೆ ಅದಕ್ಕೆ ತಿರುಗಾಮುರುಗಾ. ನಾಲ್ಕು ಚಕ್ರ ನಾಲ್ಕು ಮಟ್ಟದಲ್ಲಿ ನಿಂತ ಆ ಗಳಿಗೆಯಲ್ಲಿ ಗಾಡಿ ಕಟ್ಟಿದವನ ಬುದ್ಧಿಯೆಲ್ಲ ಬಯಲಾಗುತ್ತದೆ. ಗಟ್ಟಿ ಗಾಡಿ ಎಂದರೆ ಬಾಗದ ಗಾಡಿ ಎಂದು ನಂಬುವವರೇ ಹೆಚ್ಚು. ನನಗೆ ಹಾಗನ್ನಿಸುವುದಿಲ್ಲ. ನೆಲದ ತಿರುಚನ್ನು ಗಾಡಿ ತನ್ನ ಮೈಯಲ್ಲಿ ಎಲ್ಲೋ ಒಂದು ಕಡೆ ನುಂಗಲೇಬೇಕು. ಎಲ್ಲಿ ಎಂಬುದನ್ನು ಕಟ್ಟಿದವನು ಆರಿಸದಿದ್ದರೆ ಬಿರುಕು ಆರಿಸಿಕೊಳ್ಳುತ್ತದೆ.

ಟ್ರ್ಯಾಕ್ಟರನ್ನೇ ನೋಡಿ. ಅದರ ಎಂಜಿನ್ನು, ಗೇರ್‌ಬಾಕ್ಸು, ಹಿಂದಿನ ಅಚ್ಚಿನ ಮನೆ ಎಲ್ಲ ಒಂದಕ್ಕೊಂದು ಬೋಲ್ಟು ಬಿಗಿದ ಎರಕದ ಕಬ್ಬಿಣ. ಅದು ಎಳ್ಳಷ್ಟೂ ತಿರುಚುವುದಿಲ್ಲ. ಹಿಂದಿನ ಚಕ್ರಗಳಿಗೆ ಸ್ಪ್ರಿಂಗೂ ಇಲ್ಲ. ಆದರೂ ಅದು ಬದು ಹತ್ತುವಾಗ ನಾಲ್ಕು ಚಕ್ರವೂ ನೆಲ ಬಿಡುವುದಿಲ್ಲ. ಗುಟ್ಟಿರುವುದು ಮುಂದಿನ ಅಚ್ಚಿನಲ್ಲಿ. ನಡುವಿನ ಒಂದೇ ಪಿನ್ನಿನ ಮೇಲೆ ಅದು ಅತ್ತಿತ್ತ ತೂಗಾಡುತ್ತದೆ, ಹಾಗಾಗಿ ಭಾರ ಕೂರುವುದು ಹಿಂದಿನ ಎರಡು ಚಕ್ರ ಮತ್ತು ಆ ಪಿನ್ನು, ಒಟ್ಟು ಮೂರೇ ಕಡೆ. ಮೂರು ಕಲ್ಲಿನ ಒಲೆಯ ಮೇಲಿಟ್ಟ ಮಡಕೆ ಅಲುಗುವುದುಂಟೇ? ಎತ್ತಿನಗಾಡಿಯ ಲೆಕ್ಕವೂ ಇದೇ. ಎರಡು ಚಕ್ರ, ಮೂರನೆಯದು ನೊಗ. ಆ ನೊಗವನ್ನು ಮೂಕಿಗೆ ಮೊಳೆ ಹೊಡೆದು ಕೂರಿಸದೆ ಹಗ್ಗದಲ್ಲಿ ಬಿಗಿದರು. ಒಂದು ಎತ್ತು ಉಬ್ಬಿನಲ್ಲಿ, ಇನ್ನೊಂದು ಹಳ್ಳದಲ್ಲಿ ಕಾಲಿಟ್ಟರೂ ನೊಗ ವಾಲುತ್ತದೆಯೇ ಹೊರತು ಮೂಕಿ ಸೀಳುವುದಿಲ್ಲ. ಶ್ರೀರಂಗಪಟ್ಟಣದ ಹೈದರ್, ಟಿಪ್ಪು ಸೈನ್ಯಗಳ ಫಿರಂಗಿಗಳನ್ನು ಅಮೃತಮಹಲ್ ಎತ್ತುಗಳು ಎಳೆದದ್ದು ಎಲ್ಲರಿಗೂ ಗೊತ್ತು, ಎತ್ತುಗಳ ಹೊಗಳಿಕೆಯೂ ಬೇಕಾದಷ್ಟಾಗಿದೆ. ಹದಿನೆಂಟನೇ ಶತಮಾನದ ಫಿರಂಗಿಗಾಡಿಯ ಜಾಣತನವನ್ನು ಹೊಗಳಿದವರು ಕಡಿಮೆ. ಎರಡು ಚಕ್ರದ ಫಿರಂಗಿಯ ಬಾಲವನ್ನು ಮುಂದಿನ ಎರಡು ಚಕ್ರದ ಬಂಡಿಗೆ ಒಂದೇ ಸಡಿಲ ಸಂದಿನಲ್ಲಿ ಸಿಕ್ಕಿಸುತ್ತಿದ್ದರು. ಮುಂದಿನ ಜೋಡಿ ಎಡಕ್ಕೆ ವಾಲಿದರೆ ಹಿಂದಿನದು ಬಲಕ್ಕೆ ವಾಲಬಹುದಿತ್ತು. ಇಂದು ಕಬ್ಬಿನ ಟ್ರೈಲರನ್ನು ಟ್ರ್ಯಾಕ್ಟರಿಗೆ ಸಿಕ್ಕಿಸುವ ಪಿನ್ನು ಆ ಸಂದಿನ ವಂಶದ್ದೇ.

ಲಾರಿಯ ಹಾದಿ ಬೇರೆ. ಅದರ ಚಾಸಿ ಎರಡು ಉದ್ದನೆಯ ತೊಲೆ, ನಡುವೆ ಅಡ್ಡಪಟ್ಟಿಗಳು, ಬಹಳ ಕಡೆ ರಿವಿಟ್ಟಿನ ಜೋಡಣೆ. ತೊಲೆ ಮುಚ್ಚಿದ ಪೆಟ್ಟಿಗೆಯಲ್ಲ, ಒಂದು ಬದಿ ತೆರೆದ ಚಾನೆಲ್. ಇದು ಜಿಪುಣತನವೆಂದು ಮೂಗು ಮುರಿಯುವವರು ಒಂದು ಲೆಕ್ಕ ಹಾಕಿ ನೋಡಲಿ: 50 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪದ ಉಕ್ಕಿನ ಕೊಳವೆಯನ್ನು ಉದ್ದಕ್ಕೂ ಒಂದು ಗೀರು ಸೀಳಿದರೆ ತಿರುಚಿಗೆ ಅದರ ಬಿಗಿ ನಾನೂರಕ್ಕೂ ಹೆಚ್ಚು ಪಟ್ಟು ಇಳಿಯುತ್ತದೆ, ಆದರೆ ಭಾರಕ್ಕೆ ಬಾಗದಿರುವ ಗುಣ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಹೊರೆಗೆ ಗಟ್ಟಿ, ತಿರುಚಿಗೆ ಮೆತು; ಲಾರಿಗೆ ಬೇಕಾದದ್ದು ಅದೇ. ಅದಕ್ಕೇ ಬಲ್ಲ ಬಾಡಿ ಕಟ್ಟುವವರು ಚಾಸಿಗೂ ಬಾಡಿಗೂ ನಡುವೆ ಮರದ ಪಟ್ಟಿ ಇಟ್ಟು ಯು-ಬೋಲ್ಟಿನಲ್ಲಿ ಬಿಗಿಯುತ್ತಾರೆ. ಗಟ್ಟಿಯಾಗಲಿ ಎಂದು ಚಾಸಿಗೆ ದಪ್ಪ ತಗಡು ಬೆಸೆದರೆ ಆ ತಗಡು ಮುಗಿಯುವ ಜಾಗದಲ್ಲೇ ಹೊಸ ಬಿರುಕು ಹುಟ್ಟುತ್ತದೆ. ಜರ್ಮನಿಯ ಉನಿಮಾಗ್ ಈ ವಿದ್ಯೆಯನ್ನು ತುದಿ ಮುಟ್ಟಿಸಿತು. ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಹೊಲದ ಕೆಲಸಕ್ಕೆಂದೇ ರೂಪಿಸಿದ ಆ ಗಾಡಿಯಲ್ಲಿ ಚಾಸಿ ತಿರುಚಲೆಂದೇ ಇದೆ. ಚಾಲಕನ ಕೋಣೆಯೂ ಹಿಂದಿನ ತೊಟ್ಟಿಯೂ ಚಾಸಿಯ ತಿರುಚು ತಮಗೆ ತಾಗದಂತೆ ಬೇರೆಬೇರೆಯಾಗಿ ಕೂತಿವೆ.

ಹಾಗಾದರೆ 2020ರ ಲ್ಯಾಂಡ್ ರೋವರ್ ಡಿಫೆಂಡರ್ ಹಳೆಯ ಚಾಸಿಯನ್ನೇ ಬಿಟ್ಟು ಒಂದೇ ಅಲ್ಯೂಮಿನಿಯಂ ಮೈ ತೊಟ್ಟದ್ದೇಕೆ, ಅದನ್ನು ಒಂದು ಡಿಗ್ರಿ ತಿರುಚಲು 29,000 ನ್ಯೂಟನ್ ಮೀಟರ್ ಬೇಕೆಂದು ಕಂಪನಿ ಬೀಗುವುದೇಕೆ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅಲ್ಲಿ ತಿರುಚು ಮಾಯವಾಗಿಲ್ಲ, ಜಾಗ ಬದಲಿಸಿದೆ: ಮೈ ಬಿಗಿಯಾದಷ್ಟೂ ಸಸ್ಪೆನ್ಷನ್ ಹೆಚ್ಚು ಇಳಿದೇರಬೇಕು. ಟ್ರ್ಯಾಕ್ಟರ್ ಒಂದು ಪಿನ್ನಿನಲ್ಲಿ ಮುಗಿಸುವ ಕೆಲಸಕ್ಕೆ ಅಲ್ಲಿ ಗಾಳಿ ತುಂಬಿದ ಸ್ಪ್ರಿಂಗು, ಅದರ ಪಂಪು, ಅದಕ್ಕೊಂದು ಕಂಪ್ಯೂಟರು. ಇನ್ನೊಂದು ಆಕ್ಷೇಪ ಇನ್ನೂ ಮೊನಚು: ಗಾಳಿಯಲ್ಲಿ ತಿರುಗುವ ಚಕ್ರಕ್ಕೆ ತಾನಾಗಿ ಬ್ರೇಕು ಹಾಕಿ ಉಳಿದವಕ್ಕೆ ಶಕ್ತಿ ಕೊಡುವ ಉಪಾಯ ಈಗ ಸಾಧಾರಣ ಜೀಪಿನಲ್ಲೂ ಇರುವಾಗ ಚಕ್ರ ನೆಲ ಬಿಟ್ಟರೇನು? ಒಣ ಬಂಡೆಯ ಮೇಲೆ, ಕುಂತಿಬೆಟ್ಟದ ಬುಡದಂಥ ಕಡೆ, ಏನೂ ಆಗದಿರಬಹುದು. ನೀರು ಬಿಟ್ಟ ಗದ್ದೆಯಲ್ಲಿ ಆ ಉಪಾಯ ಎಳೆತವನ್ನು ಕೊಡುತ್ತದೆ, ಭಾರವನ್ನು ಹಂಚುವುದಿಲ್ಲ. ನಾಲ್ಕು ಹೊರಬೇಕಾದ್ದನ್ನು ಎರಡೇ ಹೊತ್ತರೆ ಅವೆರಡೂ ಹೂತುಹೋಗುತ್ತವೆ, ಬ್ರೇಕಿನಿಂದ ಅದಕ್ಕೆ ಪರಿಹಾರವಿಲ್ಲ.

ಮೆತು ಚಾಸಿಗೆ ವೇಗ ಒಗ್ಗದೆಂಬುದನ್ನಂತೂ ಒಪ್ಪಲೇಬೇಕು. ತಿರುವಿನಲ್ಲಿ ಮುಂಭಾಗ ಒಂದು ಹೇಳಿದರೆ ಹಿಂಭಾಗ ಇನ್ನೊಂದು ಹೇಳುತ್ತದೆ, ಬಾಗಿಲುಗಳು ಗಿಲಗಿಲ ಎನ್ನುತ್ತವೆ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಶ್ರೀರಂಗಪಟ್ಟಣದ ಪಕ್ಕದಲ್ಲೇ ಸಾಗುತ್ತದೆ, ಅಲ್ಲಿಗೆ ಹೇಳಿಸಿದ್ದು ಬಿಗಿ ಮೈಯ ಕಾರುಗಳೇ. ಆ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥಕ್ಕೆ ಟ್ರ್ಯಾಕ್ಟರು, ಎತ್ತಿನಗಾಡಿ ಎರಡೂ ಬರುವಂತಿಲ್ಲ.