ಮಳೆಯೂರಿನ ಬಿಳಿ ಕಾಲುಚೀಲ

ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಿಂದ ಆಗುಂಬೆಗೆ 30 ಕಿಲೋಮೀಟರಿಗೆ ತುಸು ಹೆಚ್ಚು ದೂರ. ಮಳೆಗಾಲದ ಬೆಳಿಗ್ಗೆ ಈ ಸೀಮೆಯ ಹಳ್ಳಿದಾರಿಗಳಲ್ಲಿ ಶಾಲೆಗೆ ಹೊರಟ ಮಕ್ಕಳ ಸಾಲು ಕಾಣುತ್ತದೆ. ಬೆನ್ನ ಮೇಲೆ ಪುಸ್ತಕದ ಚೀಲ, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಕೊಟ್ಟೆ. ಕೊಟ್ಟೆಯೊಳಗೆ ಕಪ್ಪು ಬೂಟು, ಬೂಟಿನೊಳಗೆ ಸುರುಳಿ ಸುತ್ತಿದ ಬಿಳಿ ಕಾಲುಚೀಲ. ಕಾಲಲ್ಲಿ ಮಾತ್ರ ರಬ್ಬರ್ ಚಪ್ಪಲಿ. ಬಯಲುಸೀಮೆಯಿಂದ ಬಂದವರಿಗೆ ಇದು ತಮಾಷೆಯಾಗಿ ಕಂಡೀತು. ಬೂಟು ಇರುವುದು ಕಾಲನ್ನು ಕಾಯಲಿಕ್ಕೆ. ಇಲ್ಲಿ ನೋಡಿದರೆ ಮಕ್ಕಳೇ ಬೂಟನ್ನು ಕಾಯುತ್ತಾರೆ!

ಆದರೆ ಆಗುಂಬೆಯ ಮಳೆ ತಮಾಷೆಯದಲ್ಲ. ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿ, ಘಟ್ಟದ ಅಂಚಿನಲ್ಲೇ ಕುಳಿತ ಊರು ಇದು. ಅರಬ್ಬಿ ಸಮುದ್ರದಿಂದ ಬರುವ ಮೋಡಗಳು ಕರಾವಳಿಯ ಬಯಲನ್ನು ದಾಟಿ ಈ ಗೋಡೆಗೆ ಬಡಿಯುತ್ತವೆ, ಮೇಲೇರುತ್ತವೆ, ತಣಿಯುತ್ತವೆ, ಸುರಿಯುತ್ತವೆ. ವರ್ಷದ ಸರಾಸರಿ ಮಳೆ 7000 ಮಿಲಿಮೀಟರಿಗೂ ಹೆಚ್ಚು. ಬೆಂಗಳೂರಿನಲ್ಲಿ ಇಡೀ ವರ್ಷ ಬೀಳುವುದು ಸುಮಾರು 1000 ಮಿಲಿಮೀಟರ್. 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಆಗುಂಬೆಯಲ್ಲಿ 4508 ಮಿಲಿಮೀಟರ್ ಮಳೆ ದಾಖಲಾಗಿತ್ತು. ‘ದಕ್ಷಿಣದ ಚಿರಾಪುಂಜಿ’ ಎಂಬ ಬಿರುದು ಸುಮ್ಮನೆ ಬಂದದ್ದಲ್ಲ.

ಪ್ರವಾಸಿಗರು ಇಲ್ಲಿಗೆ ಸೂರ್ಯಾಸ್ತ ನೋಡಲು ಬರುತ್ತಾರೆ. 1980ರ ದಶಕದಲ್ಲಿ ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಚಿತ್ರಿಸಿದ ದೊಡ್ಡಮನೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. 14 ತಿರುವುಗಳ ಘಾಟಿ ಇಳಿದು ಸೋಮೇಶ್ವರದ ಕಡೆಗೆ ಹೊರಟುಹೋಗುತ್ತಾರೆ. ಅವರ ಬೂಟು ಒಂದು ದಿನ ಒದ್ದೆಯಾದರೆ ಅದೊಂದು ನೆನಪು. ಊರಿನ ಮಕ್ಕಳಿಗೆ ಹಾಗಲ್ಲ. ಶಾಲೆ ಬಾಗಿಲು ತೆರೆಯುವುದೂ ಮುಂಗಾರು ಕಾಲಿಡುವುದೂ ಹೆಚ್ಚುಕಡಿಮೆ ಒಟ್ಟಿಗೇ. ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ ಎಂದು ಒಂದರ ಬೆನ್ನಿಗೆ ಒಂದು ಮಳೆ ಬರುತ್ತಿದ್ದರೆ, ಅಷ್ಟೂ ದಿನ ಹೊಸ ಸಮವಸ್ತ್ರ, ಹೊಸ ಬೂಟು, ಹೊಸ ಕಾಲುಚೀಲ ಪರೀಕ್ಷೆಗೆ ಕುಳಿತಂತೆಯೇ.

ಕೆಸರು ಎಲ್ಲಿಂದ ಸಿಡಿಯುತ್ತದೆ?

ಮಲೆನಾಡಿನ ಮಕ್ಕಳ ಸಮವಸ್ತ್ರದ ಹಿಂಭಾಗದಲ್ಲಿ ಕೆಂಪು ಚುಕ್ಕಿಗಳ ಚಿತ್ತಾರ ಮೂಡುವುದನ್ನು ನೋಡಿ ತಾಯಂದಿರು ಗದರುವುದುಂಟು. “ಕೆಸರಲ್ಲಿ ಕುಣಿದು ಬಂದ್ಯಾ?” ಎಂದು ಕೇಳುತ್ತಾರೆ. ಎಷ್ಟೋ ಸಲ ಮಗು ಕುಣಿದಿರುವುದಿಲ್ಲ. ಅದು ಹವಾಯಿ ಚಪ್ಪಲಿಯ ಕೆಲಸ. ಅದರ ಹಿಂಭಾಗಕ್ಕೆ ಪಟ್ಟಿ ಇಲ್ಲ. ಕಾಲು ಎತ್ತಿದಾಗ ಹಿಮ್ಮಡಿಯ ಕಡೆ ಜೋತುಬಿದ್ದು, ಮರುಕ್ಷಣ ಪಟ್ಟನೆ ಮೇಲಕ್ಕೆ ಹಾರಿ ಹಿಮ್ಮಡಿಗೆ ಬಡಿಯುತ್ತದೆ. ಅಟ್ಟೆಗೆ ಅಂಟಿದ್ದ ರಾಡಿ ಆ ಹೊಡೆತಕ್ಕೆ ಮೇಲೆ ಸಿಡಿದು ಮೀನಖಂಡ, ಲಂಗ, ಚಡ್ಡಿ ಎಲ್ಲಕ್ಕೂ ಹತ್ತುತ್ತದೆ. ಬೇಗ ನಡೆದಷ್ಟೂ ಸಿಡಿತ ಜಾಸ್ತಿ. ಹಿಂದೆ ಪಟ್ಟಿ ಇರುವ ರಬ್ಬರ್ ಅಥವಾ ಪ್ಲಾಸ್ಟಿಕ್ ಸ್ಯಾಂಡಲ್ ತೊಡಿಸಿದರೆ, ಹೆಜ್ಜೆ ಚಿಕ್ಕದಾಗಿ ಇಡಲು ಹೇಳಿದರೆ, ಅರ್ಧ ಒಗೆತ ಉಳಿದಂತೆ.

ಇನ್ನೊಂದು ಸಿಡಿತ ಆಕಾಶದಿಂದಲೇ ಬರುತ್ತದೆ. ದಪ್ಪ ಮಳೆಹನಿಯೊಂದು ನೆಲ ಮುಟ್ಟುವಾಗ ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿರುತ್ತದೆ. ಬರಿಮಣ್ಣಿನ ಮೇಲೆ ಬಿದ್ದರೆ ಮಣ್ಣಿನ ಕಣಗಳನ್ನು ಎರಡು ಅಡಿ ಎತ್ತರದವರೆಗೂ ಎಗರಿಸಬಲ್ಲದು. ಮರದಡಿ ನಡೆದರೆ ಕಡಿಮೆಯಾದೀತು ಎಂದುಕೊಂಡರೆ ಅದೂ ತಪ್ಪು. ಎಲೆಯ ತುದಿಯಲ್ಲಿ ಕೂಡಿಕೊಂಡು ಬೀಳುವ ಹನಿ ಸಾಮಾನ್ಯ ಮಳೆಹನಿಗಿಂತ ದೊಡ್ಡದು. ಎತ್ತರದ ಮರದಿಂದ ಬಿದ್ದರಂತೂ ಅದರ ಪೆಟ್ಟು ಜೋರು. ಹುಲ್ಲಿನ ಮೇಲೆ, ತರಗೆಲೆಯ ಮೇಲೆ ಬಿದ್ದ ಹನಿ ಮಾತ್ರ ಕೆಸರು ಎಬ್ಬಿಸುವುದಿಲ್ಲ. ಹಾಗಾದರೆ ದಾರಿಯ ಅಂಚಿನ ಹುಲ್ಲಿನ ಮೇಲೆ ನಡೆಯಬಹುದಲ್ಲ ಎಂದು ಯಾರಾದರೂ ಕೇಳಿದರೆ ಮಲೆನಾಡಿನ ಮಗು ನಕ್ಕುಬಿಡುತ್ತದೆ. ಹುಲ್ಲಿನಲ್ಲಿ ಉಂಬಳ ಕಾದಿರುತ್ತದೆ!

ಮೂರನೆಯದು ವಾಹನಗಳ ಎರಚಾಟ. ಹೊಂಡದ ನೀರಿನ ಮೇಲೆ ಬಸ್ಸು ಹಾದುಹೋದರೆ ಚಕ್ರದ ಅಡಿಯ ನೀರಿಗೆ ಪಕ್ಕಕ್ಕೆ ಹಾರುವುದಲ್ಲದೆ ಬೇರೆ ದಾರಿ ಇಲ್ಲ. ರಸ್ತೆಯ ಬಲಬದಿಯಲ್ಲಿ, ಎದುರು ಬರುವ ವಾಹನವನ್ನು ನೋಡುತ್ತಾ ನಡೆಯುವವರಿಗೆ ಹೊಂಡವೂ ಕಾಣುತ್ತದೆ, ಬಸ್ಸೂ ಕಾಣುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು, ಕೊಡೆಯನ್ನು ರಸ್ತೆಯ ಕಡೆಗೆ ಅಡ್ಡ ಹಿಡಿದರೆ ಸಾಕು. ವಾಹನಕ್ಕೆ ಬೆನ್ನು ಮಾಡಿ ನಡೆಯುವವರಿಗೆ ನೀರು ಬಿದ್ದ ಮೇಲೆಯೇ ಗೊತ್ತಾಗುವುದು. ಈ ಅಭ್ಯಾಸ ಬಟ್ಟೆಗಿಂತ ಹೆಚ್ಚಾಗಿ ಪ್ರಾಣಕ್ಕೆ ಒಳ್ಳೆಯದು.

ಗೊರಬಿನಿಂದ ಬೂಟಿನವರೆಗೆ

ಹಿಂದೆ ಈ ಸೀಮೆಯಲ್ಲಿ ಮಳೆಗೆ ತಕ್ಕ ಉಡುಗೆ ಇತ್ತು. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವ ಹೆಂಗಸರ ಬೆನ್ನ ಮೇಲೆ ಬಿದಿರು, ಎಲೆಗಳಿಂದ ಹೆಣೆದ ಗೊರಬು. ಗಂಡಸರಿಗೆ ಕಂಬಳಿ ಕೊಪ್ಪೆ, ತಲೆಗೆ ಅಡಿಕೆ ಹಾಳೆಯ ಟೊಪ್ಪಿ. ತಲೆ, ಬೆನ್ನು ಕಾಯಲು ಇಷ್ಟೆಲ್ಲ ಇದ್ದರೂ ಕಾಲಿಗೆ ಮಾತ್ರ ಏನೂ ಇರಲಿಲ್ಲ. ಅದಕ್ಕೆ ಕಾರಣವೂ ಇತ್ತು. ಬರಿಗಾಲಿಗೆ ಹತ್ತಿದ ಕೆಸರು ಜಗಲಿಯ ಬುಡದಲ್ಲಿ ಒಂದು ಚೊಂಬು ನೀರು ಹೊಯ್ದರೆ ಹೋಗುತ್ತದೆ; ಬಟ್ಟೆಯಲ್ಲಿ ಒರೆಸಿದರೆ ಕಾಲು ಒಣಗುತ್ತದೆ. ಬೂಟಿನೊಳಗೆ ಹೊಕ್ಕ ನೀರು ಹಾಗೆ ಹೋಗುವುದಿಲ್ಲ.

ಬೂಟು, ಕಾಲುಚೀಲ ಇಲ್ಲಿಗೆ ಬಂದದ್ದು ಶಾಲೆಯ ಶಿಸ್ತಿನ ಜತೆಗೆ. ರಾಜ್ಯ ಸರ್ಕಾರ 2015-16ರ ಸುಮಾರಿಗೆ ಸರ್ಕಾರಿ ಶಾಲೆಯ ಮಕ್ಕಳಿಗೂ ಬೂಟು, ಕಾಲುಚೀಲ ಕೊಡಲು ಆರಂಭಿಸಿತು. ಬರಿಗಾಲಲ್ಲಿ ಮುಳ್ಳು ತುಳಿದು ಬರುತ್ತಿದ್ದ ಎಷ್ಟೋ ಮಕ್ಕಳಿಗೆ ಅದು ದೊಡ್ಡ ಉಪಕಾರ. ಆದರೆ ರಾಯಚೂರಿನ ಬಿಸಿಲಿಗೂ ಆಗುಂಬೆಯ ಮಳೆಗೂ ಒಂದೇ ಬೂಟು ಹೊಂದುವುದು ಕಷ್ಟ. ಮುಂದಿನ ವರ್ಷಗಳ ಸುತ್ತೋಲೆಗಳಲ್ಲಿ, ಸ್ಥಳೀಯ ಹವಾಮಾನ ನೋಡಿ ಬೂಟಿನ ಬದಲು ಚಪ್ಪಲಿ ಅಥವಾ ಸ್ಯಾಂಡಲ್ ಕೊಡಿಸಲು ಶಾಲಾಭಿವೃದ್ಧಿ ಸಮಿತಿಗಳಿಗೆ ಅವಕಾಶ ಸಿಕ್ಕಿತು. ಮಳೆಯೂರಿನ ತಂದೆತಾಯಂದಿರು ಅರಿತಿರಬೇಕಾದ ಸಂಗತಿ ಇದು.

ಗಂಬೂಟು ಕೊಡಿಸಿದರೆ ಎಲ್ಲ ಸರಿಹೋಯಿತು ಎಂದು ಕೆಲವರು ಭಾವಿಸುತ್ತಾರೆ. ಚಿಕ್ಕ ದಾರಿಗೆ, ಚಿಕ್ಕ ಹೊಂಡಕ್ಕೆ ಅದು ಒಳ್ಳೆಯದೇ. ಆದರೆ ಮೇಲಿನ ಬಾಯಿಯಿಂದ ಒಮ್ಮೆ ನೀರು ಹೊಕ್ಕರೆ ಹೊರಗೆ ಹೋಗಲು ತೂತಿಲ್ಲ; ಕಾಲಿಗೊಂದು ಕೊಡ ಕಟ್ಟಿಕೊಂಡಂತೆ. ಗಾಳಿಯಾಡದೆ ಕಾಲು ಬೆವರುತ್ತದೆ. ಮಳೆಕೋಟಿನದೂ ಇಂಥದೇ ಕಥೆ. ಮೊಣಕಾಲಿನವರೆಗೆ ಬರುವ ಕೋಟು ಮೈಮೇಲಿನ ನೀರನ್ನೆಲ್ಲ ಕೂಡಿಸಿ ನೇರ ಬೂಟಿನೊಳಕ್ಕೇ ಬಸಿಯುತ್ತದೆ. ಪ್ಯಾಂಟನ್ನು ಬೂಟಿನೊಳಗೆ ತುರುಕಿದರೆ ನೀರಿಗೆ ಕಾಲುವೆ ತೋಡಿಕೊಟ್ಟಂತೆ. ಹೊರಗೆ ಇಳಿಬಿಟ್ಟರೆ ನೀರು ಹೊರಗೇ ಸುರಿದುಹೋಗುತ್ತದೆ.

ಇದನ್ನೆಲ್ಲ ಕಂಡುಂಡ ಮೇಲೆಯೇ ಪ್ಲಾಸ್ಟಿಕ್ ಕೊಟ್ಟೆಯ ಉಪಾಯ ಹುಟ್ಟಿದ್ದು. ದಾರಿಯಲ್ಲಿ ಸ್ಯಾಂಡಲ್, ಶಾಲೆಯ ಜಗಲಿಯಲ್ಲಿ ಕಾಲು ತೊಳೆದು ಒರೆಸಿಕೊಳ್ಳಲು ಹಳೆಯ ಬಟ್ಟೆಯ ತುಂಡು, ಆಮೇಲೆ ಒಣ ಕಾಲುಚೀಲ, ಒಣ ಬೂಟು. ಕೊಟ್ಟೆ ಎರಡಿದ್ದರೆ ಇನ್ನೂ ಅನುಕೂಲ; ಒಂದು ಒಣಗಿದ್ದಕ್ಕೆ, ಇನ್ನೊಂದು ಒದ್ದೆಯಾದದ್ದಕ್ಕೆ.

ಬಚ್ಚಲ ಒಲೆಯ ಮುಂದೆ

ಇಷ್ಟು ಮಾಡಿದರೂ ಬೂಟು ಒದ್ದೆಯಾಗುವ ದಿನ ಬಂದೇ ಬರುತ್ತದೆ. ಮಲೆನಾಡಿನ ಮನೆಗಳಲ್ಲಿ ಆಗ ನೆರವಿಗೆ ಬರುವುದು ಬಚ್ಚಲುಮನೆಯ ಹಂಡೆ ಒಲೆ. ಮಳೆಗಾಲದ ಸಂಜೆ ಅದರ ಮೇಲೆ ಕಟ್ಟಿದ ತಂತಿಯಲ್ಲಿ ಇಡೀ ಮನೆಯ ಬಟ್ಟೆ ತೂಗಾಡುತ್ತದೆ. ಕಾಲುಚೀಲಕ್ಕೆ ಅಲ್ಲಿ ಜಾಗ ಕೊಡಬಹುದು. ಬೂಟನ್ನು ಮಾತ್ರ ಬೆಂಕಿಯ ಬಾಯಿಗೆ ಇಡಬಾರದು. ನೆನೆದ ಚರ್ಮ ಬಿಸಿಗೆ ಸಿಕ್ಕಿ ಬೇಗನೆ ಒಣಗಿದರೆ ಮುರುಟಿ, ಗಟ್ಟಿಯಾಗಿ, ಬಿರುಕು ಬಿಡುತ್ತದೆ. ಅಟ್ಟೆಯ ಅಂಟೂ ಬಿಸಿಗೆ ಸಡಿಲವಾಗುತ್ತದೆ.

ಲೇಸು ಬಿಚ್ಚಿ, ನಾಲಿಗೆಯನ್ನು ಹೊರಕ್ಕೆಳೆದು, ಒಳಗಿನ ಮೆತ್ತೆ ತೆಗೆದು ಬೇರೆ ಇಡಬೇಕು. ಹಳೆಯ ದಿನಪತ್ರಿಕೆಯನ್ನು ಉಂಡೆ ಮಾಡಿ ಬೂಟಿನ ತುದಿಯವರೆಗೆ ತುಂಬಬೇಕು. ಒಂದು ಗಂಟೆಯಲ್ಲಿ ಕಾಗದ ನೀರು ಕುಡಿದು ತೊಪ್ಪೆಯಾಗುತ್ತದೆ. ಅದನ್ನು ತೆಗೆದು ಹೊಸದನ್ನು ತುಂಬಬೇಕು. ಮಲಗುವ ಮುಂಚೆ ಎರಡು ಮೂರು ಸಲ ಹೀಗೆ ಮಾಡಿ, ಒಲೆಯಿಂದ ನಾಲ್ಕೈದು ಅಡಿ ದೂರದಲ್ಲಿ ಓರೆಯಾಗಿ ನಿಲ್ಲಿಸಿದರೆ ಬೆಳಿಗ್ಗೆಗೆ ಬಹುಮಟ್ಟಿಗೆ ಒಣಗಿರುತ್ತದೆ. ಪಾಲಿಶ್ ಹಚ್ಚುವುದು ಪೂರ್ತಿ ಒಣಗಿದ ಮೇಲೆಯೇ. ನೀರು ಮೊದಲು ನುಗ್ಗುವುದು ಹೊಲಿಗೆಯ ಸಂದಿಯಲ್ಲಿ. ಅಲ್ಲಿ ಮೇಣದ ಬತ್ತಿಯನ್ನು ಉಜ್ಜಿದರೆ ಸ್ವಲ್ಪ ಹೊತ್ತು ತಡೆದೀತು.

ಇನ್ನು ಬಿಳಿ ಕಾಲುಚೀಲದ ಕೆಂಪು ಕಲೆ. ಈ ಭಾಗದ ಜಂಬಿಟ್ಟಿಗೆ ಮಣ್ಣಿಗೆ ಬಣ್ಣ ಕೊಟ್ಟಿರುವುದು ಕಬ್ಬಿಣದ ತುಕ್ಕು. ಕಲೆ ಹೋಗದು ಎಂದು ಬ್ಲೀಚಿಂಗ್ ಪೌಡರ್ ಹಾಕಿದರೆ ತುಕ್ಕು ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಮೊದಲು ಮಣ್ಣನ್ನು ಒಣಗಲು ಬಿಟ್ಟು ಕೊಡವಬೇಕು, ಆಮೇಲೆ ತಣ್ಣೀರಿನಲ್ಲಿ ಜಾಲಿಸಬೇಕು, ಸೋಪು ಅದರ ನಂತರ. ಉಳಿದ ಕಲೆಗೆ ನಿಂಬೆರಸ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಒಗೆದರೆ ಮಾಸುತ್ತದೆ. ದಪ್ಪ ಹತ್ತಿಯ ಕಾಲುಚೀಲ ನೀರನ್ನು ಹಿಡಿದಿಟ್ಟುಕೊಂಡು ಎರಡು ದಿನವಾದರೂ ಒಣಗದು. ನೈಲಾನ್ ಬೆರೆತದ್ದು ಬೇಗ ಒಣಗುತ್ತದೆ. ಮಳೆಗಾಲಕ್ಕೆ ಮೂರು ಜೊತೆಯಾದರೂ ಬೇಕು: ಕಾಲಲ್ಲೊಂದು, ಕೊಟ್ಟೆಯಲ್ಲೊಂದು, ತಂತಿಯ ಮೇಲೊಂದು.

ಉಂಬಳ ಮತ್ತು ಕೆಸರುಹುಣ್ಣು

ಮಲೆನಾಡಿನಲ್ಲಿ ಕಾಲುಚೀಲಕ್ಕೆ ಇನ್ನೊಂದು ಕೆಲಸವಿದೆ. ಒತ್ತಾಗಿ ನೇಯ್ದ ಉದ್ದ ಕಾಲುಚೀಲವನ್ನು ದಾಟಿ ಉಂಬಳ ಸುಲಭಕ್ಕೆ ಕಚ್ಚಲಾರದು. ಕಾಡುದಾರಿಯಲ್ಲಿ ಓಡಾಡುವವರು ಅದಕ್ಕೆ ಹೊಗೆಸೊಪ್ಪು, ಸುಣ್ಣ ಬೆರೆಸಿ ಸವರಿಕೊಳ್ಳುವುದು ಹಳೆಯ ರೂಢಿ. ಚಿಕ್ಕ ಮಕ್ಕಳ ಚರ್ಮಕ್ಕೆ ಅದು ಉರಿ. ಉಂಬಳ ಹತ್ತಿದರೆ ಜಗ್ಗಿ ಕೀಳಬಾರದು. ಉಗುರನ್ನು ಚರ್ಮಕ್ಕೆ ತಾಗಿಸಿ ಮೆಲ್ಲಗೆ ಪಕ್ಕಕ್ಕೆ ಸರಿಸಿದರೆ ಬಿಟ್ಟುಕೊಳ್ಳುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು ಅದರ ಜೊಲ್ಲಿನಲ್ಲಿರುವುದರಿಂದ ಗಾಯ ಸ್ವಲ್ಪ ಹೊತ್ತು ಒಸರುತ್ತದೆ. ಸೋಪಿನಲ್ಲಿ ತೊಳೆದು ಬಟ್ಟೆಯಿಂದ ಒತ್ತಿ ಹಿಡಿದರೆ ನಿಲ್ಲುತ್ತದೆ. ಹೆದರಬೇಕಾದ್ದಿಲ್ಲ.

ಹೆದರಬೇಕಾದದ್ದು ಒದ್ದೆ ಕಾಲುಚೀಲಕ್ಕೆ. ಬೆಳಿಗ್ಗೆ ನೆನೆದ ಬೂಟನ್ನು ತೊಟ್ಟೇ ಸಂಜೆಯವರೆಗೆ ಬೆಂಚಿನ ಮೇಲೆ ಕುಳಿತ ಮಗುವಿನ ಬೆರಳ ಸಂದಿ ಬೆಳ್ಳಗಾಗುತ್ತದೆ, ಚರ್ಮ ಸುಲಿಯುತ್ತದೆ, ಶಿಲೀಂಧ್ರ ನೆಲೆಯೂರುತ್ತದೆ. ಹಳ್ಳಿಯ ಜನ ಕೆಸರುಹುಣ್ಣು ಎನ್ನುವುದು ಇದನ್ನೇ. ಗದ್ದೆ ಕೆಲಸದವರು ಕಾಲಿಗೆ ಮದರಂಗಿ ಹಚ್ಚಿಕೊಳ್ಳುತ್ತಿದ್ದುದು ಇದರಿಂದ ಪಾರಾಗಲಿಕ್ಕೆ. ನಾಚಿಕೆಯಿಂದಲೋ ಬೈಗುಳದ ಭಯದಿಂದಲೋ ಮಕ್ಕಳು ಹೇಳುವುದಿಲ್ಲ; ಕುಂಟಲು ಶುರುಮಾಡಿದಾಗಲೇ ಗೊತ್ತಾಗುವುದು. ಸಂಜೆ ಬಂದ ಕೂಡಲೇ ಕಾಲು ತೊಳೆದು, ಬೆರಳ ಸಂದಿ ಒರೆಸಿ, ದೀಪದ ಬೆಳಕಿಗೆ ಒಮ್ಮೆ ನೋಡುವುದು ತಂದೆತಾಯಿಯ ಕೆಲಸ. ತುರಿಕೆ, ಕೀವು ಕಂಡರೆ ವೈದ್ಯರಿಗೆ ತೋರಿಸಬೇಕು. ಬೂಟು ಒದ್ದೆಯಾದ ದಿನ ತರಗತಿಯಲ್ಲಿ ಬರಿಗಾಲಲ್ಲಿ ಕೂರಲು ಬಿಡುವುದು ಶಾಲೆಯ ಕೆಲಸ. ಜಗಲಿಯಲ್ಲಿ ಸಾಲಾಗಿ ಬೂಟು ಒಣಹಾಕಿದರೆ ಶಿಸ್ತಿಗೆ ಕುಂದು ಬಾರದು.

ಯಾವುದು ಮುಖ್ಯ?

ಈ ಸೀಮೆಯ ದಾರಿಗಳು ಡಾಂಬರಿನವಷ್ಟೇ ಅಲ್ಲ. ತೋಟದ ಅಂಚು, ಗದ್ದೆಯ ಬದು, ಅಡಿಕೆ ಮರದ ದಬ್ಬೆಯೋ ಮರದ ದಿಮ್ಮಿಯೋ ಹಾಕಿದ ಕಾಲುಸಂಕ, ಇವನ್ನೆಲ್ಲ ದಾಟಿ ಮಕ್ಕಳು ಶಾಲೆ ಸೇರಬೇಕು. ಮಳೆಗಾಲದಲ್ಲಿ ಸಂಕದ ಮೇಲೆ ಹಾವಸೆ ಹಿಡಿದಿರುತ್ತದೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಸಂಕ ದಾಟುವಾಗ ಜಾರಿ ಹಳ್ಳದ ಪಾಲಾದ ಮಕ್ಕಳ ಸುದ್ದಿಯನ್ನು ಪತ್ರಿಕೆಗಳು ಹಲವು ಬಾರಿ ಪ್ರಕಟಿಸಿವೆ. ಹೊಸ ಬೂಟಿಗೆ ಕೆಸರು ತಾಗೀತೆಂದು ಮಗು ನಿಧಾನಕ್ಕೆ ನಡೆಯುವ ಬದಲು ಹಾರುತ್ತದೆ, ಸುರಕ್ಷಿತವಾದ ಒದ್ದೆ ದಾರಿ ಬಿಟ್ಟು ಒಣಗಿದಂತೆ ಕಾಣುವ ಜಾರುಗಲ್ಲಿನ ಮೇಲೆ ಕಾಲಿಡುತ್ತದೆ, ಹೊಂಡ ತಪ್ಪಿಸಲು ರಸ್ತೆಯ ನಡುವಿಗೆ ಬರುತ್ತದೆ. ಬೂಟಿನ ಸಲುವಾಗಿ ಮನೆಯಲ್ಲಿ ಬಿದ್ದ ಒಂದು ಬೈಗುಳ ಆ ಗಳಿಗೆಯಲ್ಲಿ ಅದರ ತಲೆಯಲ್ಲಿರುತ್ತದೆ.

ಆದ್ದರಿಂದ ಕೊಟ್ಟೆ, ಕಾಗದದ ಉಂಡೆ, ನಿಂಬೆರಸ ಎಲ್ಲವನ್ನೂ ಕಲಿಸುವ ಮೊದಲು ಮಳೆಯೂರಿನ ಮನೆಗಳಲ್ಲಿ ಒಂದು ಮಾತು ಹೇಳಿಕೊಡಬೇಕು. ಬೂಟು ಒದ್ದೆಯಾದರೆ ಬೈಯುವುದಿಲ್ಲ, ಹಳ್ಳ ತುಂಬಿದ್ದರೆ ವಾಪಸು ಬಾ. ಬೂಟನ್ನು ರಾತ್ರಿ ಒಣಗಿಸಿಕೊಳ್ಳಬಹುದು. ಒಂದು ದಿನದ ಪಾಠವನ್ನು ಗೆಳೆಯರ ಪುಸ್ತಕ ನೋಡಿ ಬರೆದುಕೊಳ್ಳಬಹುದು.